ಕೋಷ್ಠದ ಬೇರು ಹಿಡಿದು ಬೆಂಗಳೂರು ಸುತ್ತಿದ್ದು

ಬುಧವಾರ, ಮಲ್ಲೇಶ್ವರ

ಸಾಸುರಿಯಾ ಕುಲದ ಗಿಡಗಳು ಬೆಂಗಳೂರಿನ ಹವೆಗೆ ಒಗ್ಗುವಂಥವಲ್ಲ. ಅವಕ್ಕೆ ಎತ್ತರ ಬೇಕು, ಹಿಮ ಬೇಕು, ಎಲೆ ಉದುರಿಸಿ ಮಣ್ಣೊಳಗೆ ಮಲಗಲು ಉದ್ದನೆಯ ಚಳಿಗಾಲ ಬೇಕು. ಆದರೂ ಈ ಕುಲದ ಒಂದು ಗಿಡದ ಬೇರು ಬೆಂಗಳೂರಿನ ಎಷ್ಟೋ ಮನೆಗಳ ಸ್ನಾನದ ಪುಡಿಯಲ್ಲಿದೆ, ಮೈಗೆ ಹಚ್ಚುವ ತೈಲದಲ್ಲಿದೆ, ಊದುಬತ್ತಿಯಲ್ಲಿದೆ. ಅದೇ ಕೋಷ್ಠ. ಈ ಬೇರು ಊರೊಳಗೆ ಎಲ್ಲೆಲ್ಲಿ ಇದೆ, ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಅಂತ ಕಣ್ಣಾರೆ ನೋಡಬೇಕು ಅನ್ನುವ ಆಸೆ ನನಗೆ ತುಂಬಾ ದಿನದಿಂದ ಇತ್ತು. ನಾನು ಸಾಗರದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಜುಲೈ ಕೊನೆಯಲ್ಲಿ ರಜೆ ಹಾಕಿ ರಾತ್ರಿ ರೈಲು ಹತ್ತಿದೆ.

ಬೆಳಿಗ್ಗೆ ಮಲ್ಲೇಶ್ವರದ ಚಿಕ್ಕಮ್ಮನ ಮನೆ. ತಿಂಡಿ ಆಗುವ ಮುಂಚೆಯೇ ಬೇರಿನ ಮಾತು ಶುರುವಾಯಿತು.

"ಕೋಷ್ಠನಾ? ಅಯ್ಯೋ, ಡಬ್ಬದಲ್ಲೇ ಇದೆಯಲ್ಲೇ" ಅಂತ ಚಿಕ್ಕಮ್ಮ ಅಡುಗೆಮನೆ ಅಟ್ಟದಿಂದ ಸ್ಟೀಲ್ ಡಬ್ಬ ಇಳಿಸಿದರು. ಹೆಸರುಕಾಳು, ಕಡಲೆಬೇಳೆ, ಮೆಂತ್ಯ, ಕಸ್ತೂರಿ ಅರಿಶಿನ, ಕಚೋರ, ಬಾವಂಚಿ, ಲಾವಂಚ, ಒಣಗಿಸಿದ ಗುಲಾಬಿ ದಳ, ಜೊತೆಗೆ ಒಂದು ಹಿಡಿ ಕೋಷ್ಠ. ಎಲ್ಲ ಬಿಸಿಲಿಗೆ ಹಾಕಿ ಗಿರಣಿಗೆ ಕೊಟ್ಟು ಪುಡಿ ಮಾಡಿಸುತ್ತಾರೆ. ಮಗು ಹುಟ್ಟಿದ ಮನೆಯವರು ಇಲ್ಲಿಂದ ಕೇಳಿ ಒಯ್ಯುತ್ತಾರಂತೆ. ಡಬ್ಬ ತೆರೆದರೆ ಮೊದಲು ಮೂಗಿಗೆ ಬರುವುದು ಕಚೋರ. ಆಮೇಲೆ ನಿಧಾನಕ್ಕೆ, ತಳದಿಂದ ಏಳುವ ಹಾಗೆ, ಕೋಷ್ಠ.

ಮೊಮ್ಮಗಳು ಪುಟ್ಟಿ ಕಾಲೇಜಿಗೆ ಹೊರಟವಳು ಬಾಗಿಲಲ್ಲೇ ನಿಂತು ಕೇಳಿದಳು. "ಅತ್ತೆ, ಅದು ಯಾವ ಥರದ ಗಿಡ?"

ಕುಸುಬೆ ಗೊತ್ತಲ್ವಾ, ಅದರ ನೆಂಟ ಅಂದೆ. ಸೂರ್ಯಕಾಂತಿಯ ದೊಡ್ಡ ಕುಟುಂಬದಲ್ಲಿ ಮುಳ್ಳುಗಿಡಗಳ ಒಂದು ಬಳಗವಿದೆ. ಕುಸುಬೆ ಅದಕ್ಕೆ ಸೇರಿದ್ದು, ಸಾಸುರಿಯಾ ಕೂಡ. ಸೂರ್ಯಕಾಂತಿಯ ಅಂಚಿನಲ್ಲಿರುವ ಹಳದಿ ಎಸಳುಗಳು ಈ ಬಳಗದಲ್ಲಿ ಇರುವುದಿಲ್ಲ. ಸಣ್ಣ ಕೊಳವೆ ಹೂಗಳೇ ಒತ್ತೊತ್ತಾಗಿ ಸೇರಿ ಒಂದು ಗುಂಡನೆಯ ಮುಡಿ. ಸಾಸುರಿಯಾದಲ್ಲಿ ಆ ಮುಡಿ ಹೆಚ್ಚಾಗಿ ನೇರಳೆ. ನೋಡಲು ಮುಳ್ಳುಗಿಡದ ರೂಪವಿದ್ದರೂ ಇವುಗಳಲ್ಲಿ ಬಹಳಷ್ಟಕ್ಕೆ ಕುಸುಬೆಯ ಹಾಗೆ ಚುಚ್ಚುವ ಮುಳ್ಳಿಲ್ಲ. ಮುನ್ನೂರಕ್ಕೂ ಹೆಚ್ಚು ಜಾತಿಗಳಿವೆ. ಯುರೋಪಿನಲ್ಲಿ, ಉತ್ತರ ಅಮೆರಿಕದಲ್ಲಿ ಕೆಲವು ಇದ್ದರೂ ಇವುಗಳ ನಿಜವಾದ ಮನೆ ಏಷ್ಯಾ. ಹಿಮಾಲಯ, ಟಿಬೆಟ್, ಚೀನಾದ ಬೆಟ್ಟಗಳಲ್ಲಿ ಇರುವಷ್ಟು ಬಗೆ ಬೇರೆಲ್ಲೂ ಇಲ್ಲ.

ಸಂಜೆ ಚಿಕ್ಕಪ್ಪ ಕಪಾಟಿನಿಂದ ಅಥರ್ವವೇದದ ಸಂಪುಟ ತೆಗೆದರು. ಸಂಸ್ಕೃತದಲ್ಲಿ ಕೋಷ್ಠಕ್ಕೆ ಕುಷ್ಠ ಅಂತ ಹೆಸರು. ಐದನೇ ಕಾಂಡದಲ್ಲಿ ಕುಷ್ಠವನ್ನು ಕರೆದು ಮಾತಾಡಿಸುವ ಒಂದು ಸೂಕ್ತವಿದೆ. ಬೆಟ್ಟದಲ್ಲಿ ಹುಟ್ಟಿದವನೇ, ಗಿಡಗಳಲ್ಲಿ ಬಲಶಾಲಿಯೇ, ಬಾ, ಜ್ವರವನ್ನು ಇಲ್ಲಿಂದ ಓಡಿಸು ಅಂತ. ಮುಂದೆ ಒಂದು ಮಾತು ಬರುತ್ತದೆ: ಹಿಮವಂತನ ಉತ್ತರದಲ್ಲಿ ಹುಟ್ಟಿದ ನಿನ್ನನ್ನು ಮೂಡಲ ಜನರ ಬಳಿಗೆ ಒಯ್ಯುತ್ತಾರೆ. ಚಿಕ್ಕಪ್ಪ ಅದನ್ನು ರಾಗವಾಗಿ ಓದಿ, "ಆಗಲೇ ವ್ಯಾಪಾರ ಇತ್ತು ಅಂತಾಯ್ತಲ್ಲ" ಅಂದರು. ನನಗೂ ಅದೇ ಅನ್ನಿಸಿತು. ಎಲ್ಲಿ ಹುಟ್ಟಿತು, ಎಲ್ಲಿಗೆ ಹೋಯಿತು ಅನ್ನುವುದನ್ನು ಔಷಧಿಯ ಗುಣದ ಜೊತೆಗೇ ಹೇಳಿದ್ದಾರೆ. ನಾಳೆ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಯೂ ಅದೇ.

ಗುರುವಾರ, ಮಾಮೂಲ್‌ಪೇಟೆ

ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದೆ. ಮಳೆ ಹನಿಯುತ್ತಿತ್ತು. ಸೀರೆ ಅಂಗಡಿಗಳ ಗದ್ದಲ ದಾಟಿ ಮಾಮೂಲ್‌ಪೇಟೆ ಕಡೆ ತಿರುಗಿದರೆ ಗಾಳಿಯೇ ಬೇರೆ. ಒಂದು ಹೆಜ್ಜೆಗೆ ಒಣಮೆಣಸಿನಕಾಯಿ, ಇನ್ನೊಂದಕ್ಕೆ ಸಾಂಬ್ರಾಣಿ. ಗ್ರಂದಿಗೆ ಅಂಗಡಿಗಳ ಸಾಲು ನನಗೆ ಈ ಊರಿನಲ್ಲಿ ಎಲ್ಲಕ್ಕಿಂತ ಇಷ್ಟದ ಜಾಗ. ಗೋಣಿಚೀಲದ ಬಾಯಿ ಮಡಚಿಟ್ಟು ಬೇರು, ತೊಗಟೆ, ಕಾಯಿ, ಅಂಟು ಎಲ್ಲ ಎದುರಿಗೇ ಇಟ್ಟಿರುತ್ತಾರೆ. ಪುಸ್ತಕದ ಪಾಠ ಇಲ್ಲಿ ಕೈಗೆ ಸಿಗುತ್ತದೆ.

ಚಿಕ್ಕಮ್ಮ ಹೇಳಿದ ಅಂಗಡಿಯ ಯಜಮಾನರು ವಯಸ್ಸಾದವರು. ನನ್ನ ಮುಂದೆ ಇಬ್ಬರು ಬಾಣಂತಿ ಸಾಮಾನಿನ ಚೀಟಿ ಹಿಡಿದು ನಿಂತಿದ್ದರು. ಅವರಿಗೆ ಹಿಪ್ಪಲಿ, ಹಿಪ್ಪಲಿ ಬೇರು, ಅಜವಾನ, ಶುಂಠಿ ಕಟ್ಟಿಕೊಟ್ಟು ಆಮೇಲೆ ನನ್ನ ಕಡೆ ತಿರುಗಿದರು.

"ಕೋಷ್ಠ ತೋರಿಸಿ" ಅಂದೆ.

"ಯಾವುದು ಬೇಕಮ್ಮ, ಮಲೆಯದಾ, ಉತ್ತರದ್ದಾ?"

ಅವರು ಹಾಗೆ ಕೇಳಿದ್ದು ನನಗೆ ಬಹಳ ಸಮಾಧಾನ ತಂದಿತು. ನಮ್ಮ ಕಡೆ ಹಳ್ಳದ ದಂಡೆಯಲ್ಲಿ, ತೋಟದ ಅಂಚಿನಲ್ಲಿ ಚಂಗಲಕೋಷ್ಠ ಅಂತ ಒಂದು ಗಿಡ ಬೆಳೆಯುತ್ತದೆ. ದಂಟು ಸುರುಳಿ ಸುತ್ತಿಕೊಂಡು ಏರುತ್ತದೆ. ಕೆಂಪು ತೆನೆಯ ಮೇಲೆ ಬಿಳಿ ಹೂ. ಶುಂಠಿಯ ದೂರದ ಸಂಬಂಧಿ ಅದು. ಅದರ ಗೆಡ್ಡೆಯನ್ನೂ ಕೋಷ್ಠ ಅಂತ ಮಾರುವುದುಂಟು. ಅದಕ್ಕೂ ಅದರದ್ದೇ ಆದ ಉಪಯೋಗಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು. ಒಂದರ ಬದಲು ಇನ್ನೊಂದನ್ನು ಔಷಧಿಗೆ ಹಾಕುವುದು ಸರಿಯಲ್ಲ. ಹಿಮಾಲಯದಲ್ಲೇ ಬೆಳೆಯುವ ಪುಷ್ಕರಮೂಲದ ಬೇರನ್ನೂ ಇದರೊಳಗೆ ಬೆರೆಸುವವರಿದ್ದಾರೆ. ನೋಡಲು ಅಷ್ಟು ಹತ್ತಿರ ಹತ್ತಿರ.

ಉತ್ತರದ್ದು ಅಂದೆ. ತಗಡಿನ ಡಬ್ಬದಿಂದ ಒಂದು ತುಂಡು ತೆಗೆದು ಕೈಯಲ್ಲಿಟ್ಟರು. ಬೆರಳಿನಷ್ಟು ದಪ್ಪ. ಹೊರಗೆ ಬೂದು ಮಿಶ್ರಿತ ಕಂದು, ಉದ್ದುದ್ದಕ್ಕೆ ಸುಕ್ಕು. ಗಟ್ಟಿ. ಬಗ್ಗಿಸಿದರೆ ಬಾಗುವುದಿಲ್ಲ, ಟಕ್ ಅಂತ ಮುರಿಯುತ್ತದೆ. ನಾಲಿಗೆಗೆ ತಾಗಿಸಿದರೆ ಕಹಿ. ವಾಸನೆ ಹೇಳುವುದು ಕಷ್ಟ. ಒಂದು ಗಳಿಗೆ ಹೂವಿನಂತೆ ಸಿಹಿ, ಮರುಗಳಿಗೆ ಎಣ್ಣೆ ಹಚ್ಚಿ ಒಣಗಿದ ಕೂದಲಿನ ವಾಸನೆ. ಅತ್ತರು ಮಾಡುವವರೂ ಇದನ್ನು ಹೀಗೇ ಎರಡು ಮುಖದಲ್ಲಿ ಬಣ್ಣಿಸುತ್ತಾರೆ. ಆ ವಾಸನೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಕಾಶ್ಮೀರದಲ್ಲಿ ಶಾಲುಗಳ ಮಡಿಕೆಯ ನಡುವೆ ಈ ಬೇರು ಇಟ್ಟು ನುಸಿ ಬರದಂತೆ ಕಾಯುತ್ತಿದ್ದರು. ಇಲ್ಲಿ ಅಂಗಡಿಯಲ್ಲೂ ಆ ಡಬ್ಬದ ಅಕ್ಕಪಕ್ಕ ಒಂದು ಹುಳವೂ ಕಾಣಲಿಲ್ಲ.

ಆಮೇಲೆ ಕೇಳಿದೆ. "ಇದು ಹೊಲದಲ್ಲಿ ಬೆಳೆದಿದ್ದಾ, ಕಾಡಿಂದ ಕಿತ್ತಿದ್ದಾ?"

ಯಜಮಾನರು ಸ್ವಲ್ಪ ಹೊತ್ತು ಯೋಚಿಸಿದರು. "ನಮಗೆ ದಿಲ್ಲಿ ಖಾರಿ ಬಾವಲಿಯಿಂದ ಬರುತ್ತೆ. ಅವರಿಗೆ ಎಲ್ಲಿಂದ ಅಂತ... ತಡೀರಿ, ಕೇಳೇ ಬಿಡೋಣ" ಅಂತ ಫೋನ್ ತೆಗೆದರು. ಹಿಂದಿಯಲ್ಲಿ ಮಾತು ನಡೆಯುತ್ತಿರುವಾಗ ಅವರ ಮಗ ನನಗೆ ಸ್ಟೂಲು ಕೊಟ್ಟು ಕಾಫಿ ತರಿಸಿದರು.

ಈ ಪ್ರಶ್ನೆಗೆ ಯಾಕೆ ಅಷ್ಟು ತೂಕ ಅಂತ ಹೇಳಬೇಕು. ಕೋಷ್ಠದಲ್ಲಿ ಬೇಕಾಗುವುದು ಬೇರು. ಬೇರು ಅಗೆದರೆ ಗಿಡ ಹೋಯಿತು. ಎಲೆ ಕಿತ್ತರೆ ಚಿಗುರುತ್ತದೆ, ಕಾಯಿ ಕಿತ್ತರೆ ಮುಂದಿನ ವರ್ಷ ಬಿಡುತ್ತದೆ. ಬೇರಿಗೆ ಆ ಅವಕಾಶವಿಲ್ಲ. ಇಂಥ ಬೇರಿಗೆ ಸಾವಿರಾರು ವರ್ಷ ಬೇಡಿಕೆ ಇತ್ತು. ಮೊದಲನೇ ಶತಮಾನದಲ್ಲಿ ಗ್ರೀಕ್ ವರ್ತಕನೊಬ್ಬ ಬರೆದಿಟ್ಟ ಬಂದರುಗಳ ವಿವರದಲ್ಲಿ, ಸಿಂಧೂ ನದಿಯ ಬಾಯಿಯ ಬಂದರಿನಿಂದಲೂ ಭರೂಚಿನಿಂದಲೂ ಹಡಗು ಏರುತ್ತಿದ್ದ ಸರಕುಗಳಲ್ಲಿ ಇದೂ ಇದೆ. ರೋಮಿನವರಿಗೆ ಇದು ಸುಗಂಧ, ಮುಲಾಮು. ಅರಬರಿಗೆ ಔಷಧಿ. ಚೀನಾದವರಿಗೆ ಔಷಧಿಯೂ ಹೌದು, ದೇವರ ಮುಂದೆ ಉರಿಸುವ ಬತ್ತಿಯೂ ಹೌದು. ಕಲ್ಕತ್ತ, ಮುಂಬಯಿ ಬಂದರುಗಳಿಂದ ಮೂಟೆಗಟ್ಟಲೆ ಚೀನಾಕ್ಕೆ ಹೋಗುತ್ತಿತ್ತು. ಕಾಶ್ಮೀರದಲ್ಲಿ ಇದರ ವ್ಯಾಪಾರ ಪೂರ್ತಿ ಸರ್ಕಾರದ ಕೈಯಲ್ಲೇ ಇತ್ತು ಅಂದರೆ ಬೆಲೆ ಊಹಿಸಬಹುದು.

ಇಷ್ಟು ಅಗೆದ ಮೇಲೆ ಬೆಟ್ಟದಲ್ಲಿ ಉಳಿದದ್ದು ಬಹಳ ಕಡಿಮೆ. ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದಲ್ಲಿ ಕೋಷ್ಠವನ್ನು 1975ರಲ್ಲಿ ಎರಡನೇ ಪಟ್ಟಿಗೆ ಸೇರಿಸಿದ್ದರು. 1985ರಲ್ಲಿ ಮೊದಲನೇ ಪಟ್ಟಿಗೆ ಏರಿಸಿದರು. ಹುಲಿ ಇರುವ ಪಟ್ಟಿ ಅದು. ಕಾಡಿನ ಬೇರನ್ನು ದೇಶದಿಂದ ದೇಶಕ್ಕೆ ಮಾರುವಂತಿಲ್ಲ.

ಆದರೆ ಇದನ್ನು ಹೊಲದಲ್ಲಿ ಬೆಳೆಯಬಹುದು. ಹಿಮಾಚಲದ ಲಾಹೌಲ್ ಕಣಿವೆಯ ರೈತರು 1920ರ ದಶಕದಿಂದಲೇ ಬೆಳೆಯುತ್ತಿದ್ದಾರೆ. ಅಲ್ಲಿ ಇದಕ್ಕೆ ಕುಠ್ ಅನ್ನುತ್ತಾರೆ. ಬಿತ್ತಿ ಎರಡು ಮೂರು ವರ್ಷ ಕಾದು, ಹಿಮ ಬೀಳುವ ಮುಂಚೆ ಬೇರು ಅಗೆದು, ತುಂಡು ಮಾಡಿ ಒಣಗಿಸುತ್ತಾರೆ. ಒಂದು ಕಾಲಕ್ಕೆ ಆ ಬಡ ಕಣಿವೆಗೆ ದುಡ್ಡು ತಂದ ಬೆಳೆ ಇದೇ. ಆಮೇಲೆ ಆಲೂಗಡ್ಡೆ, ಬಟಾಣಿ ಬಂದವು. ಅವು ಬೇಗ ಕೈಗೆ ಬರುತ್ತವೆ. ಮೂರು ವರ್ಷ ಕಾಯುವ ಬೆಳೆಗೆ ರೈತ ಹೊಲ ಬಿಟ್ಟುಕೊಡಬೇಕಾದರೆ ಬೆಳೆದ ಬೇರನ್ನೇ ಕೇಳಿ ಕೊಳ್ಳುವವರು ಬೇಕು. ನಾವು ಕೇಳದಿದ್ದರೆ ಅಂಗಡಿಯವರೂ ಕೇಳುವುದಿಲ್ಲ, ದಿಲ್ಲಿಯವರೂ ಕೇಳುವುದಿಲ್ಲ. ಬೆಟ್ಟದ ಬೇರಿಗೂ ಹೊಲದ ಬೇರಿಗೂ ಒಂದೇ ಬೆಲೆ ಅಂತಾದರೆ ಸೋಲುವವನು ಬೆಳೆದವನು.

ಫೋನ್ ಮುಗಿಯಿತು. "ಬೆಳೆದದ್ದೇ ಅಂತಮ್ಮ. ಲಾಹೌಲ್‌ದು. ಬಿಲ್ಲಿನಲ್ಲೂ ಹಾಕಿ ಕಳಿಸ್ತೀನಿ ಅಂದ್ರು ಮುಂದಿನ ಸಲ." ನಾನು ಕಾಲು ಕೆಜಿ ತೂಗಿಸಿಕೊಂಡೆ. ಯಜಮಾನರು ಪಕ್ಕದ ಡಬ್ಬದ ಮೇಲೆ ಕೈಯಿಟ್ಟು, "ಹಾಗಿದ್ರೆ ಜಟಾಮಾಂಸಿನೂ ಕೇಳಬೇಕಲ್ವಾ?" ಅಂದರು. ಖಂಡಿತ ಕೇಳಬೇಕು. ಅದೂ ಹಿಮಾಲಯದ್ದೇ, ಅದರಲ್ಲೂ ಬೇಕಾಗುವುದು ಬೇರು, ಅದಕ್ಕೂ ಅದೇ ಗತಿ.

ಶುಕ್ರವಾರ, ಯಲಹಂಕದ ಕಡೆ

ಬಸ್ಸಿನಲ್ಲಿ ಯಲಹಂಕ, ಅಲ್ಲಿಂದ ಆಟೋದಲ್ಲಿ ಜಾರಕಬಂಡೆ ಕಾವಲ್. ಕಾಡಿನ ಅಂಚಿನಲ್ಲಿ ಎಫ್‌ಆರ್‌ಎಲ್‌ಎಚ್‌ಟಿ ಆವರಣ. ಭಾರತದ ಔಷಧೀಯ ಗಿಡಗಳಿಗಾಗಿಯೇ 1993ರಲ್ಲಿ ಶುರುವಾದ ಸಂಸ್ಥೆ ಇದು. ಇಲ್ಲಿ ಒಣಗಿಸಿದ ಗಿಡಗಳ ಭಂಡಾರವಿದೆ. ಅಂಗಡಿಗಳಲ್ಲಿ ಮಾರುವ ಬೇರು ತೊಗಟೆಗಳ ಮಾದರಿಗಳನ್ನು ಇಟ್ಟ ಸಂಗ್ರಹವೂ ಇದೆ. ಪತ್ರ ಬರೆದು ಮೊದಲೇ ಒಪ್ಪಿಗೆ ಪಡೆದಿದ್ದೆ.

ಹಾಳೆಯ ಮೇಲೆ ಒತ್ತಿ ಅಂಟಿಸಿದ ಕೋಷ್ಠವನ್ನು ಎದುರಿಗೆ ಇಟ್ಟಾಗ ನಿಜಕ್ಕೂ ಮೈ ಜುಮ್ಮೆಂದಿತು. ಬೇರನ್ನು ಅಷ್ಟು ವರ್ಷ ನೋಡಿದ್ದೆ. ಗಿಡದ ಮುಖ ನೋಡಿದ್ದು ಇವತ್ತೇ. ಇದು ಆಳೆತ್ತರಕ್ಕೆ ಬೆಳೆಯುತ್ತದೆ, ಹಾಗಾಗಿ ಇಡೀ ಗಿಡ ಒಂದು ಹಾಳೆಗೆ ಹಿಡಿಯುವುದಿಲ್ಲ. ತುದಿಯ ಭಾಗ ಮಾತ್ರ ಇತ್ತು. ಎಲೆಯ ಅಂಚು ಹರಿದ ಹಾಗೆ ಹಲ್ಲುಹಲ್ಲು. ತುದಿಯಲ್ಲಿ ಮೂರ್ನಾಲ್ಕು ಗುಂಡು ಮುಡಿಗಳು ಒಟ್ಟಾಗಿ. ಒಣಗಿ ಬಣ್ಣ ಹೋಗಿದ್ದರೂ ಕಡುನೇರಳೆಯ ನೆರಳು ಉಳಿದಿತ್ತು. ಹಾಳೆಯ ಕೆಳಮೂಲೆಯಲ್ಲಿ ಚೀಟಿ. ಗಿಡದ ಹೆಸರು, ಕಿತ್ತ ಜಾಗ, ತಾರೀಖು, ಕಿತ್ತವರ ಹೆಸರು.

"ಈ ಚೀಟಿ ಇಲ್ಲದಿದ್ರೆ ಇದು ಬರೀ ಒಣಹುಲ್ಲು ಮೇಡಂ" ಅಂದರು ಅಲ್ಲಿನ ಸಂಶೋಧಕಿ. ಆ ಮಾತು ಇಡೀ ದಿನ ನನ್ನ ಜೊತೆ ಇತ್ತು.

ಹಳಬರು ಹೇಳಿದ ಕೋಷ್ಠ ಯಾವ ಗಿಡದ್ದು ಅಂತ ಯುರೋಪಿನವರಿಗೆ ಬಹಳ ಕಾಲ ಗೊತ್ತಿರಲಿಲ್ಲ. ಬೇರು ಕೈಗೆ ಬರುತ್ತಿತ್ತು, ಗಿಡ ಕಂಡಿರಲಿಲ್ಲ. ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ಹ್ಯೂ ಫಾಲ್ಕನರ್ ಕಾಶ್ಮೀರದ ಬೆಟ್ಟಗಳಲ್ಲಿ ಈ ಗಿಡ ನೋಡಿ, ಇದೇ ಆ ಕೋಷ್ಠ ಅಂತ 1840ರ ದಶಕದಲ್ಲಿ ಬರೆದ. ಆಗಿನ ಗವರ್ನರ್ ಜನರಲ್ ಆಕ್ಲೆಂಡ್ ಹೆಸರಿನಲ್ಲಿ ಬೇರೆ ಕುಲವನ್ನೇ ಮಾಡಿದ್ದ. ಆಮೇಲಿನವರು ಅದನ್ನು ಸಾಸುರಿಯಾಕ್ಕೆ ಸೇರಿಸಿದರು. ಈಚೆಗೆ ಕೆಲವರು ಪಕ್ಕದ ದೊಲೊಮಿಯೆಯಾ ಕುಲಕ್ಕೆ ದಾಟಿಸಿದ್ದಾರೆ. ವೈದ್ಯರ ಪುಸ್ತಕಗಳಲ್ಲಿ, ಕಾನೂನಿನ ಪಟ್ಟಿಗಳಲ್ಲಿ ಇನ್ನೂ ಸಾಸುರಿಯಾ ಅಂತಲೇ ಇದೆ. ನಾನೂ ಹಾಗೇ ಹೇಳುತ್ತೇನೆ.

ಕಾನೂನಿನ ಮಾತು ಬಂತು. ವನ್ಯಜೀವಿ ರಕ್ಷಣಾ ಕಾಯ್ದೆ ಅಂದರೆ ಪ್ರಾಣಿಗಳಿಗೆ ಮಾತ್ರ ಅಂತ ನನ್ನ ವಿದ್ಯಾರ್ಥಿಗಳು ತಿಳಿದಿರುತ್ತಾರೆ. 1991ರ ತಿದ್ದುಪಡಿಯಲ್ಲಿ ಗಿಡಗಳಿಗೂ ಒಂದು ಪಟ್ಟಿ ಬಂತು. ಆಗ ಅದರಲ್ಲಿದ್ದದ್ದು ಇಡೀ ದೇಶಕ್ಕೆ ಆರೇ ಆರು ಹೆಸರು. ಸೈಕಾಸ್‌ನ ಒಂದು ಜಾತಿ, ವಾಂಡಾ ಅನ್ನುವ ಸೀತಾಳೆ (ಆರ್ಕಿಡ್) ಎರಡು ಬಗೆ, ಲೇಡೀಸ್ ಸ್ಲಿಪರ್ ಸೀತಾಳೆಗಳು, ಹುಳ ಹಿಡಿಯುವ ಹೂಜಿಗಿಡ, ಮತ್ತು ಕೋಷ್ಠ. ಬೆಳೆಯುವವರಿಗೆ ಪರವಾನಗಿ ಕೊಡುತ್ತಾರೆ. ಕಾಡಿನದ್ದನ್ನು ಮುಟ್ಟುವಂತಿಲ್ಲ.

ಊಟದ ಹೊತ್ತಿಗೆ ಆ ಸಂಶೋಧಕಿ ಹಿಮಕಮಲದ ಕಥೆ ತೆಗೆದರು. ಹಳೆಯ ಒಣಹಾಳೆಗಳು ಯಾಕೆ ಬೇಕು ಅನ್ನುವವರಿಗೆ ಇದನ್ನು ಹೇಳುತ್ತಾರಂತೆ. ಹಿಮಕಮಲ ಅನ್ನುವುದು ಸಾಸುರಿಯಾದ ಕೆಲವು ಜಾತಿಗಳಿಗೆ; ಅವು ಟಿಬೆಟ್ ಮತ್ತು ಚೀನಾದ ವೈದ್ಯದಲ್ಲಿ ಬಹಳ ಬೆಲೆಯುಳ್ಳವು. ಮೈತುಂಬ ಬಿಳಿ ತುಪ್ಪಳ ಹೊದ್ದು, ಕಲ್ಲುಗಳ ನಡುವೆ ಬೆಳೆಯುತ್ತವೆ. ಲಾನಿಸೆಪ್ಸ್ ಅನ್ನುವುದು ಅವುಗಳಲ್ಲಿ ಒಂದು. ಅದು ಬದುಕಿನಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುತ್ತದೆ. ಕೀಳುವವರಿಗೆ ಬೇಕಾದದ್ದು ಹೂ ಬಿಟ್ಟ ಗಿಡ. ಅದರಲ್ಲೂ ದೊಡ್ಡದು. ಹಾಗಾಗಿ ಬೀಜ ಕಟ್ಟುವ ಮೊದಲೇ ದೊಡ್ಡವು ಹೋಗುತ್ತವೆ. ಕಣ್ಣಿಗೆ ಬೀಳದ ಗಿಡ್ಡವು ಮಾತ್ರ ಬೀಜ ಬಿಡುತ್ತವೆ. ಮಿಸೌರಿ ಸಸ್ಯೋದ್ಯಾನದ ವೇಯ್ನ್ ಲಾ ಮತ್ತು ಜಾನ್ ಸ್ಯಾಲಿಕ್ ಒಂದು ಶತಮಾನಕ್ಕೂ ಹೆಚ್ಚು ಕಾಲದ ಒಣಮಾದರಿಗಳನ್ನು ಅಳೆದರು. 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಲಾನಿಸೆಪ್ಸ್ ವರ್ಷ ಕಳೆದಂತೆ ಕುಳ್ಳಾಗುತ್ತಾ ಬಂದಿದೆ. ಅದರ ಜೊತೆಗೇ ಇರುವ, ಆದರೆ ಜನ ಅಷ್ಟಾಗಿ ಕೀಳದ ಮೆಡುಸಾ ಜಾತಿ ಕುಳ್ಳಾಗಿಲ್ಲ. ಪವಿತ್ರ ಅಂತ ಜನ ಕೈಹಚ್ಚದ ಜಾಗಗಳಲ್ಲಿ ಲಾನಿಸೆಪ್ಸ್ ಕೂಡ ಎತ್ತರವಾಗಿಯೇ ಇದೆ.

ಮನುಷ್ಯನ ಕೈ ಒಂದು ಗಿಡದ ಎತ್ತರವನ್ನೇ ಕಡಿಮೆ ಮಾಡಿದೆ. ವಿಕಾಸದ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪುಸ್ತಕದಲ್ಲಿ ಕೊಡುವ ಪತಂಗದ ಉದಾಹರಣೆಯ ಜೊತೆ ಇನ್ನು ಇದನ್ನೂ ಹೇಳುತ್ತೇನೆ.

ಶನಿವಾರ, ಶ್ರೀರಾಂಪುರ, ಮತ್ತೆ ರಾತ್ರಿ ಮಲ್ಲೇಶ್ವರ

ಬೆಳಿಗ್ಗೆ ಚಿಕ್ಕಪ್ಪನ ಪರಿಚಯದ ಊದುಬತ್ತಿ ತಯಾರಕರ ಮನೆಗೆ ಹೋದೆ. ಮೆಷಿನ್ನಿನ ಬತ್ತಿ ಜಾಸ್ತಿಯಾದ ಈ ಕಾಲದಲ್ಲೂ ಅವರ ಮನೆಯಲ್ಲಿ ಮಸಾಲೆ ಬತ್ತಿಯನ್ನು ಕೈಯಲ್ಲೇ ಹೊಸೆಯುತ್ತಾರೆ. ಜಿಗಟಿನ ಪುಡಿ, ಇದ್ದಿಲ ಪುಡಿ, ಹಾಲ್ಮಡ್ಡಿ ಅನ್ನುವ ಮರದ ಅಂಟು, ಅದರ ಮೇಲೆ ಬೇರು ತೊಗಟೆಗಳ ಪುಡಿ. ಹೆಂಗಸರು ಮಣೆ ಮುಂದೆ ಕೂತು ಬಿದಿರ ಕಡ್ಡಿಗೆ ಕಣಕ ಹಚ್ಚಿ ಒಂದು ಸಲ ಹೊಸೆದರೆ ಬತ್ತಿ ಸಿದ್ಧ. ಅವರ ಕೈಯ ವೇಗಕ್ಕೆ ನನ್ನ ಕಣ್ಣು ಸಾಲಲಿಲ್ಲ.

ಕೋಷ್ಠ ಎಷ್ಟು ಹಾಕುತ್ತೀರಿ ಅಂತ ಕೇಳಿದೆ. "ಚೂರೇ ಚೂರು ಅಕ್ಕಾ. ಅದರದ್ದೇ ವಾಸನೆ ಬರಬಾರದು. ಬೇರೆ ವಾಸನೆಗಳನ್ನ ಹಿಡಿದು ನಿಲ್ಲಿಸಬೇಕು ಅಷ್ಟೆ" ಅಂದರು ಮನೆಯಾಕೆ. ಸುಗಂಧದ ಕೆಲಸದಲ್ಲಿ ಕೋಷ್ಠದ ಸ್ಥಾನ ಅದೇ. ಹಗುರದ ಪರಿಮಳಗಳು ಬೇಗ ಹಾರಿಹೋಗುತ್ತವೆ. ಇದರ ಎಣ್ಣೆ ಭಾರ, ನಿಧಾನ.

ಹಳೆಯ ಫ್ರೆಂಚ್ ಅತ್ತರುಗಳಲ್ಲೂ ಇದರ ಎಣ್ಣೆ ಬಳಸುತ್ತಿದ್ದರು. ಈಗ ಅಂತರರಾಷ್ಟ್ರೀಯ ಸುಗಂಧ ಸಂಘಟನೆ ಅದನ್ನು ನಿಷೇಧಿಸಿದೆ. ಬೇರಿನಲ್ಲಿರುವ ಕೋಸ್ಟುನೊಲೈಡ್‌ನಂಥ ಅಂಶಗಳು ಕೆಲವರ ಚರ್ಮಕ್ಕೆ ಆಗುವುದಿಲ್ಲ. ತುರಿಕೆ, ಕೆಂಪು ಗಂದೆ ಏಳುತ್ತವೆ. ಇದೇ ಅಂಶಗಳ ಔಷಧಿ ಗುಣದ ಮೇಲೆ ಪ್ರಯೋಗಾಲಯಗಳಲ್ಲಿ ಕೆಲಸ ನಡೆಯುತ್ತಿದೆ. ಕೊಟ್ಟಂಚುಕ್ಕಾದಿ ತೈಲ, ಲಾಕ್ಷಾದಿ ತೈಲ ಮನೆಯಲ್ಲಿದ್ದವರು ಬಾಟಲಿ ತಿರುಗಿಸಿ ನೋಡಿ, ಕುಷ್ಠ ಅಂತ ಇರುತ್ತದೆ. ವೈದ್ಯರು ಹೇಳಿದ ಅಳತೆಯಲ್ಲಿ ಬಳಸುವುದು ಒಂದು. ಮಗುವಿನ ಮೈಗೆ ಹಿಡಿಗಟ್ಟಲೆ ಪುಡಿ ತಿಕ್ಕುವುದು ಇನ್ನೊಂದು. ಮಧ್ಯಾಹ್ನ ಮನೆಗೆ ಬಂದು ಚಿಕ್ಕಮ್ಮನ ಹತ್ತಿರ ಇದನ್ನೇ ಹೇಳಿದೆ. ಅವರು ವಾದ ಮಾಡಲಿಲ್ಲ. "ಸರಿ, ಇನ್ನು ಮಕ್ಕಳ ಪುಡಿಗೆ ಹಾಕೋದು ಬೇಡ. ದೊಡ್ಡವರೂ ಮೊದಲು ಮೊಣಕೈಗೆ ಹಚ್ಚಿ ನೋಡಲಿ" ಅಂದರು.

ರಾತ್ರಿ ಎಂಟರ ಹೊತ್ತಿಗೆ ಪಕ್ಕದ ಬೀದಿಯವರ ವಾಟ್ಸಾಪ್ ಮೆಸೇಜು ಬಂತು. ಬ್ರಹ್ಮಕಮಲ ಅರಳ್ತಾ ಇದೆ, ಎಲ್ಲರೂ ಬನ್ನಿ. ಬೆಂಗಳೂರಿನಲ್ಲಿ ಮಳೆಗಾಲದ ಸಂಭ್ರಮ ಇದು. ನಾವೂ ಹೋದೆವು. ಪೋರ್ಟಿಕೋದಲ್ಲಿ ಕುಂಡ, ಚಪ್ಪಟೆ ಎಲೆಯಂಥ ಕಾಂಡದ ಅಂಚಿನಿಂದ ಇಳಿಬಿದ್ದ ದೊಡ್ಡ ಬಿಳಿ ಹೂಗಳು. ಅರಿಶಿನ ಕುಂಕುಮ ಹಚ್ಚಿ ಆರತಿ ಮಾಡಿದ್ದರು. ಬಂದವರಿಗೆಲ್ಲ ಹಾಲು, ಕೋಸಂಬರಿ. ಪರಿಮಳ ಗೇಟಿನ ತನಕ ಇತ್ತು.

ಈ ಗಿಡ ಮೆಕ್ಸಿಕೋ ಕಡೆಯ ಕಳ್ಳಿ. ಹಿಮಾಲಯದ ಬ್ರಹ್ಮಕಮಲ ಬೇರೆ, ಅದು ಸಾಸುರಿಯಾ ಒಬ್ವಲ್ಲಾಟಾ. ಪುಟ್ಟಿ ಅಲ್ಲೇ ಫೋನಿನಲ್ಲಿ ಅದರ ಚಿತ್ರ ತೆಗೆದು ಎಲ್ಲರಿಗೂ ತೋರಿಸಿದಳು. ಅದೊಂದು ಅದ್ಭುತ ಗಿಡ. 3,700 ಮೀಟರಿಗಿಂತ ಮೇಲೆ, ಗಾಳಿ ಮಳೆ ಹಿಮದ ಜಾಗ. ನಾವು ಹೂವಿನ ಎಸಳು ಅಂದುಕೊಳ್ಳುವುದು ನಿಜಕ್ಕೆ ಎಲೆಗಳು. ತೆಳ್ಳಗೆ, ಬೆಳಕು ಹಾಯುವಂತೆ, ದೋಣಿಯ ಆಕಾರದಲ್ಲಿ ಬಾಗಿ ಒಳಗಿನ ನೇರಳೆ ಮುಡಿಗಳನ್ನು ಮುಚ್ಚಿರುತ್ತವೆ. ಹಗಲು ಬಿಸಿಲು ಒಳಗೆ ನುಗ್ಗುತ್ತದೆ, ಬಿಸಿ ಅಲ್ಲೇ ಉಳಿಯುತ್ತದೆ. ಮಳೆ ನೀರು ಪರಾಗಕ್ಕೆ ತಾಗುವುದಿಲ್ಲ. ಚಳಿಯ ಬೆಟ್ಟದಲ್ಲಿ ಬೀಜ ಕಟ್ಟಲು ಗಿಡವೇ ಕಂಡುಕೊಂಡ ದಾರಿ. ಇದೇ ಕುಲದ ಇನ್ನೊಂದು ಜಾತಿ ಕಸ್ತೂರಿ ಕಮಲ ಎಲೆಗಳ ಬದಲು ದಟ್ಟ ಉಣ್ಣೆಯನ್ನೇ ಸುತ್ತಿಕೊಂಡಿದೆ. ತುದಿಯಲ್ಲಿ ಸಣ್ಣ ಕಿಂಡಿ, ದುಂಬಿ ಒಳಗೆ ಹೋಗುವಷ್ಟು.

ಬ್ರಹ್ಮಕಮಲ ಉತ್ತರಾಖಂಡದ ರಾಜ್ಯಪುಷ್ಪ. ಕೇದಾರ, ಬದರಿಯಲ್ಲಿ ದೇವರಿಗೆ ಏರಿಸುತ್ತಾರೆ. ಕುಂಡದ ಮನೆಯವರು ಮುಂದಿನ ವರ್ಷ ಕೇದಾರಕ್ಕೆ ಹೊರಟಿದ್ದಾರೆ. "ಒಂದು ತರಬಹುದಾ?" ಅಂತ ಕೇಳಿದರು. ಬೇಡ ಅಂತ ಕೈಮುಗಿದು ಹೇಳಿದೆ. ತಂದರೆ ಇಲ್ಲಿ ಬದುಕುವುದಿಲ್ಲ. ಅಲ್ಲಿ ಒಂದು ಬೀಜ ಕಡಿಮೆಯಾಗುತ್ತದೆ. ನಿಮ್ಮ ಕುಂಡದ ಹೂವೂ ದೇವರಿಗೆ ಸಲ್ಲುತ್ತದೆ, ಅಲ್ವಾ ಅಂದೆ. ಆ ಮನೆಯ ಅಜ್ಜಿ, "ನೋಡ್ಕೊಂಡು ಬಂದ್ರೆ ಸಾಕು" ಅಂತ ಮಗನಿಗೆ ಹೇಳಿಬಿಟ್ಟರು. ನನಗೆ ತುಂಬಾ ಖುಷಿಯಾಯಿತು.

ಭಾನುವಾರ, ಲಾಲ್‌ಬಾಗ್

ಪುಟ್ಟಿಯ ಜೊತೆ ಬೆಳಿಗ್ಗೆಯೇ ಲಾಲ್‌ಬಾಗಿಗೆ ಹೋದೆ. ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ತಯಾರಿ ನಡೆದಿತ್ತು. ನಮಗೆ ಬೇಕಾಗಿದ್ದು ಬಂಡೆ. ಮುನ್ನೂರು ಕೋಟಿ ವರ್ಷ ಹಳೆಯದು ಅನ್ನುತ್ತಾರೆ. ಮೇಲೆ ಕೆಂಪೇಗೌಡರ ಗೋಪುರ. ಅಲ್ಲಿ ಕೂತು, ಸಾಸುರಿಯಾ ಕುಲಕ್ಕೆ ಯಾರ ಹೆಸರಿಟ್ಟರೋ ಆ ಸಾಸುರ್ ಅಪ್ಪ ಮಗನ ವಿಷಯ ಹೇಳಿದೆ. ಕಲ್ಲು ನೋಡಲು ಬೆಟ್ಟ ಹತ್ತಿದವರ ಬಗ್ಗೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಅಪ್ಪ ಹೊರೇಸ್ ಬೆನೆಡಿಕ್ಟ್ ದ ಸಾಸುರ್, ಜಿನೀವಾದವನು. ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರಕ್ಕೆ ದಾರಿ ಹುಡುಕಿದವರಿಗೆ ಬಹುಮಾನ ಕೊಡುವುದಾಗಿ 1760ರಲ್ಲೇ ಹೇಳಿದ್ದ. 1786ರಲ್ಲಿ ಇಬ್ಬರು ಹತ್ತಿದರು. ಮರುವರ್ಷ ತಾನೂ ಹತ್ತಿದ. ಮೇಲೆ ಹೋಗಿ ಗಾಳಿಯ ಒತ್ತಡ ಅಳೆದ, ನೀರು ಎಷ್ಟು ಬಿಸಿಗೆ ಕುದಿಯುತ್ತದೆ ಅಂತ ನೋಡಿದ. ಮನುಷ್ಯರ ಕೂದಲು ತೇವಕ್ಕೆ ಉದ್ದವಾಗುತ್ತದೆ ಅನ್ನುವುದನ್ನು ಬಳಸಿ ಗಾಳಿಯ ತೇವ ಅಳೆಯುವ ಉಪಕರಣ ಮಾಡಿದವನೂ ಅವನೇ. ಮಗ ನಿಕೊಲಾ ಥಿಯೋಡೋರ್ ಗಿಡಗಳ ಕಡೆ ಹೋದ. ಗಿಡದ ತೂಕ ಮಣ್ಣಿನಿಂದ ಮಾತ್ರ ಬರುವುದಲ್ಲ, ಗಾಳಿಯ ಇಂಗಾಲ ಮತ್ತು ನೀರು ಸೇರಿ ಆಗುತ್ತದೆ ಅಂತ ಅಳೆದು ತೂಗಿ 1804ರಲ್ಲಿ ಪ್ರಕಟಿಸಿದ. ನಾನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುವ ದ್ಯುತಿಸಂಶ್ಲೇಷಣೆಯ ಸಮೀಕರಣದ ಹಿಂದೆ ಅವನ ತಕ್ಕಡಿ ಇದೆ. 1810ರಲ್ಲಿ ಅದೇ ಊರಿನ ದ ಕ್ಯಾಂಡೋಲ್ ಈ ಕುಲಕ್ಕೆ ಆ ಇಬ್ಬರ ಹೆಸರಿಟ್ಟ. ಬೆಟ್ಟದ ತುದಿಯ ಗಿಡಗಳಿಗೆ ತಕ್ಕ ಹೆಸರು.

ಸಿದ್ದಾಪುರ ಗೇಟಿನಿಂದ ಹೊರಗೆ ಬಂದು ನರ್ಸರಿಗಳಲ್ಲಿ ಸುತ್ತಿದೆವು. ಕೋಷ್ಠದ ಗಿಡ ಇದೆಯಾ ಅಂದರೆ ಒಬ್ಬರು ನಮ್ಮ ಮಲೆನಾಡಿನ ಚಂಗಲಕೋಷ್ಠವನ್ನೇ ತೋರಿಸಿದರು. ಉತ್ತರದ್ದು ಅಂದರೆ, "ಅದು ಇಲ್ಲಿ ನಿಲ್ಲಲ್ಲ ಮೇಡಂ, ಬಿಸಿಲಿಗೆ ಹೋಗ್ಬಿಡುತ್ತೆ" ಅಂದರು. ಸರಿಯಾದ ಮಾತು. ಬೆಂಗಳೂರಿನ ಎತ್ತರ 920 ಮೀಟರ್, ಕೋಷ್ಠಕ್ಕೆ ಬೇಕಾದದ್ದು 2,600ರ ಮೇಲೆ. ಪುಟ್ಟಿ ರಾತ್ರಿ ಅರಳುವ ಕಳ್ಳಿಯ ಒಂದು ಎಲೆ ಕೊಂಡಳು. ನಾನು ರಾತ್ರಿ ರೈಲಿಗೆ ಹೊರಟೆ.

ಸೋಮವಾರ, ಸಾಗರ

ಕಾಲೇಜಿನಲ್ಲಿ ಮೊದಲ ಅವಧಿಗೇ ಬೇರಿನ ಪೊಟ್ಟಣ ಬಿಚ್ಚಿದೆ. ತರಗತಿಯಲ್ಲಿ ಒಂದೊಂದು ತುಂಡು ಕೈಯಿಂದ ಕೈಗೆ ಹೋಯಿತು. ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಔಷಧಿ ಸಾಮಾನಿನ ಬಾಟಲಿಗಳ ಸಾಲಿದೆ. ಎಲ್ಲದರ ಮೇಲೂ ಬರೀ ಹೆಸರು. ಹೊಸ ಬಾಟಲಿಗೆ ಒಬ್ಬ ಹುಡುಗಿ ಚೀಟಿ ಬರೆದಳು. ಕೋಷ್ಠ, ಬೇರು, ಬೆಳೆದದ್ದು ಲಾಹೌಲ್, ಕೊಂಡದ್ದು ಮಾಮೂಲ್‌ಪೇಟೆ, ಬೆಂಗಳೂರು, ಜುಲೈ. ಉಳಿದ ಬಾಟಲಿಗಳಿಗೆ ಏನು ಬರೆಯುವುದು ಅಂತ ಹಿಂದಿನ ಬೆಂಚಿನವರು ಕೇಳಿದರು. ಜಟಾಮಾಂಸಿ, ಅತಿವಿಷ, ರಕ್ತಚಂದನ, ಸರ್ಪಗಂಧ. ಎಲ್ಲ ಪಟ್ಟಿ ಮಾಡಿ, ಎಲ್ಲಿಂದ ಬಂತು, ಬೆಳೆದದ್ದಾ ಕಿತ್ತದ್ದಾ ಅಂತ ಎರಡು ಕಾಲಂ ಹಾಕಿ, ಮಾಮೂಲ್‌ಪೇಟೆಯ ಯಜಮಾನರಿಗೆ ಕಳಿಸಿದ್ದೇವೆ. ಜಟಾಮಾಂಸಿಯದ್ದು ವಿಚಾರಿಸುತ್ತಿದ್ದೇನೆ ಅಂತ ಅವರಿಂದ ಉತ್ತರ ಬಂದಿದೆ.